ಬೇಸ್ ಕ್ಯಾಬಿನೆಟ್ ಬದಲಾಯಿಸಬೇಕಾ? ಮೊದಲು ಮಿಕ್ಸರ್ ಹತ್ತಿರ ನಿಂತು ಕೇಳಿ

ಪ್ರಶ್ನೆ: ನಮಸ್ತೆ ಸರ್, ತುಮಕೂರಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಒಳಗೆ ನನ್ನ 15 ಇಂಚಿನ ಕ್ಯಾಬಿನೆಟ್ (ಒಂದು ದೊಡ್ಡ ಸ್ಪೀಕರ್ ಇರುವ ಬಾಕ್ಸ್) ಗುಂ ಅನ್ನುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ಜೂನಿಯರ್ ಕಾಲೇಜು ಮೈದಾನದಲ್ಲಿ ನುಡಿಸಿದರೆ ಸೌಂಡೇ ಇಲ್ಲ. ಇದನ್ನು ಕೊಟ್ಟು, 10 ಇಂಚಿನ ನಾಲ್ಕು ಸ್ಪೀಕರ್ ಇರುವ ಬಾಕ್ಸ್ ತಗೊಳ್ಳಲಾ? ಅಂಗಡಿಯಲ್ಲಿ ಎರಡನ್ನೂ ಕೇಳಿದೆ. 15 ಇಂಚಿನದೇ ದಪ್ಪ ಅನ್ನಿಸಿತು.

ಉತ್ತರ (ಲೈವ್ ಸೌಂಡ್ ಎಂಜಿನಿಯರ್): ಈಗಲೇ ಮಾರಬೇಡಿ. ಕಲಾಕ್ಷೇತ್ರದಲ್ಲಿ ಗೋಡೆ ಇದೆ, ಸೂರು ಇದೆ. ಬೇಸ್ ಅಲ್ಲಿಗೆ ಬಡಿದು ವಾಪಸ್ ಬರುತ್ತದೆ. ಬಯಲಲ್ಲಿ ಹೋದದ್ದು ಹೋಯಿತು. ಯಾವ ಬಾಕ್ಸ್ ಇಟ್ಟರೂ ಈ ವ್ಯತ್ಯಾಸ ಇದ್ದೇ ಇರುತ್ತದೆ.

ಅಂಗಡಿಯ ತೀರ್ಪನ್ನು ನಾನಂತೂ ನಂಬುವುದಿಲ್ಲ. ಅಲ್ಲಿ ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ. ಒಬ್ಬರೇ ನುಡಿಸುವಾಗ ದಪ್ಪ ಸೌಂಡೇ ಗೆಲ್ಲುತ್ತದೆ. ಬ್ಯಾಂಡ್ ಶುರುವಾದರೆ ಆ ದಪ್ಪವೆಲ್ಲ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಅಡಿಯಲ್ಲಿ ಮುಳುಗಿಹೋಗುತ್ತದೆ. ಓಪನ್ ಇ ತಂತಿಯ (ಬೆರಳು ಒತ್ತದೆ ನುಡಿಸುವ, ಎಲ್ಲಕ್ಕಿಂತ ದಪ್ಪ ತಂತಿ) ಸ್ವರ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಆದರೆ ನೀವು ಯಾವ ಸ್ವರ ಹಿಡಿದಿರಿ ಅಂತ ಜನಕ್ಕೆ ತಿಳಿಯುವುದು ಹೆಚ್ಚಾಗಿ ಅದರ ಮೇಲಿನ 82, 123 ಹರ್ಟ್ಜ್ ಕಡೆಯ ಭಾಗದಿಂದ. ಅದು ಸ್ಪಷ್ಟ ಇರಬೇಕು.

ಇನ್ನು 15 ಅಂದರೆ ದಪ್ಪ, 10 ಅಂದರೆ ತೆಳು ಅನ್ನುವ ಲೆಕ್ಕ ಬಿಟ್ಟುಬಿಡಿ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಅನ್ನುವ ಬೇಸ್ ಆಂಪ್‌ನ (ಸೌಂಡ್ ಹೆಚ್ಚಿಸುವ ಯಂತ್ರದ) ಹೆಸರಾಂತ ಬಾಕ್ಸಿನಲ್ಲಿ ಇರುವುದು 10 ಇಂಚಿನ ಎಂಟು ಸ್ಪೀಕರ್. ಅದನ್ನು ತೆಳು ಅಂದವರನ್ನು ನಾನು ನೋಡಿಲ್ಲ.

ಸೌಂಡ್ ಚೆಕ್‌ನಲ್ಲಿ ಹೀಗೆ ಮಾಡಿ. ನುಡಿಸಲು ಬರುವ ಗೆಳೆಯನ ಕೈಗೆ ಗಿಟಾರ್ ಕೊಡಿ, ಇಡೀ ಬ್ಯಾಂಡ್ ನುಡಿಸಲಿ, ನೀವು ಮಿಕ್ಸರ್ ಹತ್ತಿರ ಹೋಗಿ ನಿಲ್ಲಿ. ಎರಡು ಬಾಕ್ಸ್ ಹೋಲಿಸುವುದಾದರೆ ವಾಲ್ಯೂಮ್ ಸಮ ಮಾಡಿ. ಚೂರು ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತದೆ, ಕಿವಿ ಮೋಸ ಹೋಗುವುದೇ ಅಲ್ಲಿ. ಆಮೇಲೆ ಬ್ಯಾಂಡ್ ನಿಲ್ಲಿಸಿ, ಇ ತಂತಿಯಲ್ಲಿ ಒಂದೊಂದೇ ಫ್ರೆಟ್ ಏರಲಿ. ಜಿ ಸ್ವರ ಉಬ್ಬಿ, ಎರಡು ಫ್ರೆಟ್ ಮೇಲಿನ ಎ ಕುಸಿದರೆ ಬಾಕ್ಸನ್ನು ಬೈಯಬೇಡಿ. ಸ್ಟೇಜಿನ ಹಲಗೆಗಳ ಅಡಿ ಟೊಳ್ಳು ತಾನೇ, ಹಲಗೆಯೂ ಜೊತೆಗೆ ನಡುಗುತ್ತದೆ. ಬಾಕ್ಸನ್ನು ಮಣ್ಣಿನ ನೆಲಕ್ಕೆ ಇಳಿಸಿ ಅದೇ ಎರಡು ಸ್ವರ ಕೇಳಿ. ಸಮ ಆದರೆ ತಪ್ಪು ಹಲಗೆಯದು.

ಪ್ರಶ್ನೆ: ಜಾಸ್ತಿ ವ್ಯಾಟ್‌ನ ಆಂಪ್ ಹಾಕಿದರೆ ಮೈದಾನಕ್ಕೆ ಸಾಲುತ್ತಾ ಸರ್?

ಉತ್ತರ: ಸಾಲಲ್ಲ. 250 ವ್ಯಾಟ್ ಬಿಟ್ಟು 500ಕ್ಕೆ ಹೋದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಸುಮ್ನೆ ದುಡ್ಡು ದಂಡ. ಮೈದಾನದ ಜನಕ್ಕೆ ಬೇಸ್ ಮುಟ್ಟಿಸುವುದು ಪಿಎ (ಜನರ ಕಡೆ ಇಡುವ ದೊಡ್ಡ ಸ್ಪೀಕರ್‌ಗಳು) ಮತ್ತು ಸಬ್‌ಗಳ (ಬೇಸ್‌ಗೆಂದೇ ಇರುವ ಸ್ಪೀಕರ್‌ಗಳ) ಕೆಲಸ. ಡಿಐ ಬಾಕ್ಸಿನಿಂದ (ಗಿಟಾರ್ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಮಿಕ್ಸರ್‌ಗೆ ಲೈನ್ ಕೊಡಿ. ನಿಮ್ಮ ಕ್ಯಾಬಿನೆಟ್ ನಿಮಗೂ ಡ್ರಮ್ಮರ್‌ಗೂ ಕೇಳಿಸಿದರೆ ಆಯಿತು. ಈಗ ಅದು ನಿಮ್ಮ ಮೊಣಕಾಲಿಗೆ ನುಡಿಯುತ್ತಿದೆ, ಅಲ್ವಾ? ಗಟ್ಟಿ ಸ್ಟ್ಯಾಂಡ್ ಮೇಲಿಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸಿ ಕಿವಿಯ ಕಡೆ ತಿರುಗಿಸಿ. ಆಗಲೂ ಸ್ವರ ಬಿಡಿಬಿಡಿಯಾಗಿ ಕೇಳದಿದ್ದರೆ ನಾಲ್ಕು ಸ್ಪೀಕರ್‌ನ ಬಾಕ್ಸನ್ನು ಒಂದು ಕಾರ್ಯಕ್ರಮಕ್ಕೆ ಬಾಡಿಗೆಗೆ ತನ್ನಿ. ಎರಡನ್ನೂ ಒಟ್ಟಿಗೆ ಹಾಕುವ ಆಸೆ ಇದ್ದರೆ ಓಮ್ (ಬಾಕ್ಸಿನ ವಿದ್ಯುತ್ ತಡೆ) ನೋಡಿಕೊಳ್ಳಿ. 8 ಓಮ್‌ನ ಎರಡು ಬಾಕ್ಸ್ ಪ್ಯಾರಲಲ್ ಆದರೆ 4 ಓಮ್. ನಿಮ್ಮ ಆಂಪ್ ಹಿಂದೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿದೆ, ಫೋಟೋ ಹಾಕಿ.