ಅಪ್‌ಡೇಟ್: ಸಂದರ್ಶನದ ಫೈಲುಗಳು ಒಂದು ದಾರಿಗೆ ಬಂದವು

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಮುಂಬೈ ಹಿರಿಯರ ಸಂದರ್ಶನಗಳನ್ನು ಹೇಗೆ ಜೋಡಿಸಿಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಬಂದ ಸಲಹೆಗಳಲ್ಲಿ ಫೈಲಿಗೆ ಹೆಸರಿಡುವ ಸಲಹೆಯೇ ಜಾಸ್ತಿ ಕೆಲಸಕ್ಕೆ ಬಂತು. ಈಗ ಫೈಲು ಹೀಗಿರುತ್ತದೆ: ‘2025-01-18_ಮಾಟುಂಗಾ_ವ್ಯಕ್ತಿ07_ವಿ1’ (ಕೊನೆಯ ‘ವಿ1’ ಅಂದರೆ ಒಂದನೇ ಆವೃತ್ತಿ). ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನಾಗೇ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಯಾವ ನಂಬರು ಯಾರದು ಅನ್ನುವ ಪಟ್ಟಿ ಪಾಸ್‌ವರ್ಡ್ ಹಾಕಿ ಬೇರೆ ಕಡೆ ಇದೆ. ‘ಫೈನಲ್’, ‘ಫೈನಲ್ ಹೊಸದು’ ಇವಕ್ಕೆಲ್ಲ ದೊಡ್ಡ ನಮಸ್ಕಾರ!

ಮೂಲ ವೇವ್ ಫೈಲುಗಳನ್ನು (ಕುಗ್ಗಿಸದ ಧ್ವನಿ ಫೈಲು) ರೀಡ್-ಓನ್ಲಿ ಮಾಡಿದೆ, ಅಂದರೆ ಕೇಳಬಹುದು, ತಿದ್ದೋಕಾಗಲ್ಲ. ಲೋಕಲ್ ರೈಲಿನ ಸದ್ದು ತೆಗೆಯೋದು, ಕತ್ತರಿಸೋದು ಎಲ್ಲ ಕಾಪಿಯ ಮೇಲೆ ಮಾತ್ರ. ಸಿಡಿ ಗುಣಮಟ್ಟದ ಸ್ಟೀರಿಯೋ ಅಂದರೆ ಗಂಟೆಗೆ ಸುಮಾರು 635 ಎಂಬಿ, ಜಾಗ ಚೆನ್ನಾಗೇ ತಿನ್ನುತ್ತದೆ. ಆದರೂ ದನಿಯ ಕೆಲವು ವಿವರ ಬಿಟ್ಟು ಫೈಲು ಚಿಕ್ಕದು ಮಾಡುವ ಎಂಪಿ3ಗೆ ಬದಲಾಯಿಸಿ ಮೂಲ ಅಳಿಸಿ ಅಂದವರ ಮಾತು ನಾನು ಕೇಳಲಿಲ್ಲ. ಒಮ್ಮೆ ಹೋದ ದನಿ ಮತ್ತೆ ಬರೋದಿಲ್ಲ, ಅಲ್ವಾ?

ಬ್ಯಾಕಪ್‌ನ 3-2-1 ಲೆಕ್ಕವನ್ನೂ ಪಾಲಿಸಿದ್ದೇನೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಆ ಹಾರ್ಡ್ ಡಿಸ್ಕ್ ಉಡುಪಿಯಲ್ಲಿ ಅಕ್ಕನ ಕಪಾಟು ಸೇರಿದೆ. ಪ್ರತಿ ಸಲ ಕಾಪಿ ಮಾಡಿದ ಮೇಲೆ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ, ಕಾಪಿ ಸರಿಯಾಗಿದೆಯಾ ಅಂತ ನೋಡುತ್ತೇನೆ.

ಫೋಲ್ಡರಿನಲ್ಲಿ ಏನೇನಿದೆ ಅಂತ ವಿವರಿಸುವ ರೀಡ್‌ಮಿ ಫೈಲು ಮಾತ್ರ ಇನ್ನೂ ಅರ್ಧದಲ್ಲಿದೆ.