ಬೀದಿಯೇ ಇಲ್ಲದ ಊರು ‘ಕೇರಿ’ ಆದದ್ದು ಹೇಗೆ?

ಮಡಿಕೇರಿಗೆ ಹತ್ತಿರದ ಗುಡ್ಡದ ಊರು ಹೆಬ್ಬೆಟ್ಟಗೇರಿ. ಹೆಸರಿನ ಮೊದಲರ್ಧದಲ್ಲಿ ತೊಡಕಿಲ್ಲ. ಹೆಬ್ಬಾಗಿಲು, ಹೆಬ್ಬಾವುಗಳಲ್ಲಿರುವ ‘ಹೆರ್’ ಇಲ್ಲಿಯೂ ಇದೆ, ಹಿರಿಯ ಬೆಟ್ಟವೇ ಹೆಬ್ಬೆಟ್ಟ. (ಒಂದು ಅರ್ಜಿಯಲ್ಲಿ ‘ಹೆಬ್ಬೆಟ್ಟುಗೇರಿ’ ಎಂದು ಬರೆದದ್ದನ್ನು ಕಂಡಿದ್ದೇನೆ; ಒಂದು ಉಕಾರ ಸೇರಿದ್ದಕ್ಕೆ ಬೆಟ್ಟ ಹೋಗಿ ಬೆರಳಾಗಿತ್ತು.) ನನ್ನ ಸಂದೇಹವಿರುವುದು ಉತ್ತರಾರ್ಧದಲ್ಲಿ.

ನಿಘಂಟಿನ ಪ್ರಕಾರ ಕೇರಿಯೆಂದರೆ ಬೀದಿ, ಓಣಿ. ಆದರೆ ಕೊಡಗಿನ ಹಳೆಯ ಊರುಗಳಲ್ಲಿ ಎದುರುಬದುರು ಮನೆಗಳ ಸಾಲೇ ಇರುವುದಿಲ್ಲ. ಗದ್ದೆಯ ಮೇಲಂಚಿನಲ್ಲಿ ಒಂದು ಐನ್‌ಮನೆ, ಎಂದರೆ ಕುಲದ ಮೂಲಮನೆ, ಅದರ ಹಿಂದೆ ಗದ್ದೆಗೆ ಸೇರಿದ ಕಾಡುನೆಲವಾದ ಬಾಣೆ, ನಡುವೆ ತೋಟ, ಕೂಗಿದರೂ ಕೇಳಿಸದಷ್ಟು ದೂರದಲ್ಲಿ ಇನ್ನೊಂದು ಮನೆ. ಓಣಿ ಎಂಬ ಮಾತು ಕೊಡವರ ನುಡಿಯಾದ ಕೊಡವ ತಕ್ಕಿನಲ್ಲಿಯೂ ಇದೆ, ಆದರೆ ಅದು ಎರಡು ಬದಿಯ ದಿಬ್ಬಗಳ ನಡುವೆ ಬಳುಕುತ್ತ ಐನ್‌ಮನೆಯ ಅಂಗಳಕ್ಕೆ ಏರುವ ದಾರಿ; ಧಾರವಾಡದ ಓಣಿಯಂತೆ ಜನ ವಾಸಿಸುವ ಸಾಲಲ್ಲ. ದಾರಿಗೆ ಬೇರೆ ಪದವಿದ್ದ ಮೇಲೆ ಇಲ್ಲಿನ ಕೇರಿ ದಾರಿಯನ್ನಲ್ಲ, ನೆಲೆಯನ್ನೇ ಹೇಳುತ್ತಿರಬೇಕೆಂದು ನನ್ನ ಊಹೆ. ತಮಿಳು, ಮಲಯಾಳಗಳಲ್ಲಿ ಇದೇ ಪದ, ಕಕಾರ ಚಕಾರವಾಗಿ, ‘ಚೇರಿ’ ಎಂದಾಗಿದೆ. ಅಲ್ಲಿ ಅದಕ್ಕೆ ಊರು, ವಸತಿ ಎಂಬ ಅರ್ಥ ಇಂದಿಗೂ ಉಂಟು. ಪುದುಚ್ಚೇರಿಯನ್ನು ಹೊಸ ಬೀದಿ ಎಂದು ಯಾರೂ ಬಿಡಿಸುವುದಿಲ್ಲ.

ಕೊಡಗನ್ನಾಳಿದ ಹಾಲೇರಿ ವಂಶದ ಅರಸ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಸ್ಥಳಾಂತರಿಸಿದಾಗ ಹುಟ್ಟಿದ ಮುದ್ದುರಾಜಕೇರಿಯೇ ಮಡಿಕೇರಿಯಾಯಿತು ಎಂಬ ವಿವರಣೆಯಲ್ಲಿಯೂ ಈ ಅರ್ಥವೇ ಒಪ್ಪುತ್ತದೆ; ಅರಸನ ಹೆಸರು ಹೊತ್ತದ್ದು ಒಂದು ಬೀದಿಯಲ್ಲ, ಪಟ್ಟಣ. ಆದರೆ ಹೊಲಗೇರಿ, ಹೆಬ್ಬೆಟ್ಟಗೇರಿಗಳಲ್ಲಿ ಆದೇಶ ಸಂಧಿಯಾಗಿ ಗಕಾರ ಬಂದಿರುವಾಗ ಮಡಿಕೇರಿಯಲ್ಲಿ ಮಾತ್ರ ಕಕಾರ ಉಳಿದದ್ದೇಕೆ? ‘ಮುದ್ದುರಾಜನ ಕೇರಿ’ ಎಂದು ಬಿಡಿಬಿಡಿಯಾಗಿ ಬಹುಕಾಲ ನುಡಿದದ್ದರ ಫಲವೇ ಇದು? ಹಾಲೇರಿಯನ್ನೂ ಈ ಗುಂಪಿಗೆ ಸೇರಿಸುವವರಿದ್ದಾರೆ, ಆದರೆ ಅಲ್ಲಿ ಕಕಾರ ಹೇಗೆ ಅಳಿಯಿತೆಂದು ತೋರಿಸದೆ ನಾನು ಒಪ್ಪಲಾರೆ.

2018ರ ಆಗಸ್ಟ್‌ನ ಮಳೆಯಲ್ಲಿ ಹೆಬ್ಬೆಟ್ಟಗೇರಿಯ ಗುಡ್ಡಗಳೂ ಜರಿದವು. ಆ ವರ್ಷ ಕೊಡಗಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕರ್ಣಂಗೇರಿ, ಮದೆ, ಜಂಬೂರುಗಳಲ್ಲಿ ಸರ್ಕಾರ ಸಾಲುಮನೆಗಳ ಬಡಾವಣೆ ಕಟ್ಟಿಸಿತು. ಹೀಗೆ ಕರ್ಣಂಗೇರಿಯಲ್ಲಿ ನಿಘಂಟಿನ ಕೇರಿಯೂ ಒಂದು ಎದ್ದುನಿಂತಿದೆ. ಅಲ್ಲಿಯವರು ಆ ಸಾಲುಗಳನ್ನು ಏನೆಂದು ಕರೆಯುತ್ತಾರೆ, ಲೈನ್ ಎಂದೋ, ಕೇರಿ ಎಂದೋ? ಚದುರಿದ ನಾಲ್ಕಾರು ಮನೆಗಳನ್ನು ಇಂದಿಗೂ ಕೇರಿಯೆನ್ನುವ ಬಳಕೆ ಸೂರ್ಲಬ್ಬಿ, ಗಾಳಿಬೀಡುಗಳ ಕಡೆ ಇದ್ದರೆ, ಕೇಳಿದ ವಾಕ್ಯವನ್ನು ಇದ್ದಂತೆಯೇ ಬರೆದು ತಿಳಿಸಬೇಕಾಗಿ ಕೋರುತ್ತೇನೆ.