ತಾಳಮದ್ದಲೆಗೆ ಕ್ರೀಸಸ್ ರಾಜನ ಕಥೆ: ಇತಿಹಾಸ ಎಷ್ಟು, ದಂತಕಥೆ ಎಷ್ಟು?

ಶಿರಸಿ_ಅರ್ಥಧಾರಿ:
ಮಳೆಗಾಲದ ತಾಳಮದ್ದಲೆಗೆ ಪ್ರಾಚೀನ ಲಿಡಿಯಾ ನಾಡಿನ ಸಿರಿವಂತ ದೊರೆ ಕ್ರೀಸಸ್‌ನ ಕಥೆ ಎತ್ತಿಕೊಂಡಿದ್ದೇವೆ. ಅಥೆನ್ಸಿನ ಜ್ಞಾನಿ ಸೋಲೋನನ ಜತೆ ಸಂವಾದ, ಗ್ರೀಸಿನ ಡೆಲ್ಫಿ ಗುಡಿಯ ದೇವವಾಣಿ, ಚಿತೆ, ಮೂರೂ ಅರ್ಥಕ್ಕೆ ಚೆನ್ನಾಗಿ ಒದಗುತ್ತವೆ. ಆದರೆ ಮೂರು ಕಡೆ ತೊಡಕಿದೆ. ಮುಟ್ಟಿದ್ದೆಲ್ಲ ಚಿನ್ನವಾಗುವ ರಾಜ ಇವನೇ ಏನು? ಇವನ ಐಶ್ವರ್ಯ ಎಲ್ಲಿಂದ ಬಂತು? ಹೊಳೆಯಲ್ಲಿ ಸಿಕ್ಕಿತು ಎಂದಷ್ಟೇ ಹೇಳಿದರೆ ಎದುರು ಕೂತವರು ಅಲ್ಲೇ ಹಿಡಿಯುತ್ತಾರೆ. ಕೊನೆಗೆ ಇವನು ಸತ್ತನೋ, ಬದುಕಿದನೋ?

ಕುಮಟಾ_ಓದುಗ:
ಅದು ಮಿಡಾಸ್, ಫ್ರಿಜಿಯಾದ ರಾಜ, ಕ್ರೀಸಸ್‌ಗಿಂತ ಸುಮಾರು 150 ವರ್ಷ ಹಿಂದಿನವ. ಇಬ್ಬರನ್ನೂ ಬೆಸೆದದ್ದು ಪ್ಯಾಕ್ಟೋಲಸ್ ಹೊಳೆ. ಮಿಡಾಸ್ ಅದರಲ್ಲಿ ಮಿಂದು ವರವನ್ನು ಕಳೆದುಕೊಂಡ, ಅದಕ್ಕೇ ಅಲ್ಲಿಯ ಮರಳಿನಲ್ಲಿ ಚಿನ್ನ ಎಂಬುದು ಗ್ರೀಕರ ಕಥೆ. ಆ ಹೊಳೆ ಹರಿಯುತ್ತಿದ್ದುದು ಕ್ರೀಸಸ್‌ನ ರಾಜಧಾನಿ ಸಾರ್ಡಿಸ್ ಊರೊಳಗೇ. ಈಗ ಅದು ಟರ್ಕಿಯಲ್ಲಿದೆ.

ಸೋಲೋನನ ಭೇಟಿಯ ಬಗ್ಗೆ ಎಚ್ಚರ. ಅವನು ಅಥೆನ್ಸಿನಲ್ಲಿ ಅಧಿಕಾರದಲ್ಲಿದ್ದುದು ಕ್ರಿ.ಪೂ. 594ರಲ್ಲಿ, ಕ್ರೀಸಸ್ ಪಟ್ಟಕ್ಕೆ ಬಂದದ್ದು 560ರ ಸುಮಾರಿಗೆ. ಕಾಲ ಕೂಡಿಬರುವುದಿಲ್ಲ ಎಂಬ ಆಕ್ಷೇಪ ಪ್ರಾಚೀನ ಲೇಖಕ ಪ್ಲುಟಾರ್ಕನಿಗೂ ಗೊತ್ತಿತ್ತು, ಆದರೂ ಕಥೆಯನ್ನು ಅವನು ಬಿಡಲಿಲ್ಲ. ನೀವೂ ಬಿಡಬೇಡಿ. ಖಜಾನೆ ತೋರಿಸಿ "ಎಲ್ಲರಿಗಿಂತ ಸುಖಿ ಯಾರು" ಎಂದು ರಾಜ ಕೇಳಿದರೆ, ಸೋಲೋನ್ ಮೊದಲು ಹೆಸರಿಸುವುದು ಟೆಲ್ಲಸ್‌ನನ್ನು: ಮೊಮ್ಮಕ್ಕಳನ್ನು ಕಂಡು, ಊರಿಗಾಗಿ ಕಾದಾಡಿ ಸತ್ತ ಸಾಮಾನ್ಯ ಗೃಹಸ್ಥ. ಎರಡನೆಯ ಸ್ಥಾನ, ಎತ್ತು ಬಾರದಿದ್ದಾಗ ತಾವೇ ನೊಗಕ್ಕೆ ಹೆಗಲು ಕೊಟ್ಟು ತಾಯಿಯನ್ನು ಗಾಡಿಯಲ್ಲಿ ಹೇರಾ ದೇವಿಯ ಗುಡಿಗೆ 45 ಸ್ಟೇಡಿಯಾ, ಅಂದರೆ ಸುಮಾರು 8 ಕಿ.ಮೀ., ಎಳೆದೊಯ್ದ ಅಣ್ಣತಮ್ಮಂದಿರಿಗೆ. ಮೂರನೆಯವನಾಗಿಯೂ ರಾಜನಿಲ್ಲ. ಅವನ ಸಿಟ್ಟು ಏರಬೇಕಾದ್ದು ಅಲ್ಲಿ.

ಕಾರವಾರ_ಒರೆಗಲ್ಲು:
ಐಶ್ವರ್ಯದ ಪ್ರಶ್ನೆಗೆ ಉತ್ತರ ಹೊಳೆಗಿಂತ ಒಲೆಯಲ್ಲಿದೆ. ಅಲ್ಲಿ ಸಿಗುತ್ತಿದ್ದುದು ಬೆಳ್ಳಿ ಬೆರೆತ ಚಿನ್ನ. ಕ್ರೀಸಸ್‌ನ ತಂದೆ ಅಲ್ಯಾಟಿಸ್ ಕಾಲದ ಸಿಂಹಮುಖದ ನಾಣ್ಯಗಳೂ ಮಿಶ್ರಲೋಹದವೇ, ಅವುಗಳಲ್ಲಿ ಚಿನ್ನ ನೂರಕ್ಕೆ ಸುಮಾರು 55 ಪಾಲು ಮಾತ್ರ. ತೂಕ ಸರಿ ಇದ್ದರೂ ಒಳಗೆ ಅಪ್ಪಟ ಎಷ್ಟು ಎಂದು ಕಣ್ಣಿಗೆ ತಿಳಿಯದು. ಒರೆಗಲ್ಲಿಗೆ ಗ್ರೀಕರು ಲಿಡಿಯಾದ ಕಲ್ಲು ಎಂದೇ ಹೆಸರಿಟ್ಟಿದ್ದರು, ಆ ಊರಿನ ಚಿಂತೆ ಏನಿತ್ತೆಂದು ಇದರಿಂದಲೇ ಗೊತ್ತಾಗುತ್ತದೆ.

ಆಗಿನ ಶುದ್ಧೀಕರಣದ ಕುಲುಮೆಗಳು 1968ರಲ್ಲಿ ಸಾರ್ಡಿಸ್ ಉತ್ಖನನದಲ್ಲಿ ಸಿಕ್ಕವು. ಚಿನ್ನವನ್ನು ತೆಳುವಾಗಿ ತಟ್ಟಿ, ಮಣ್ಣಿನ ಪಾತ್ರೆಯಲ್ಲಿ ಒಂದು ಪದರ ಉಪ್ಪು, ಒಂದು ಪದರ ತಗಡು ಹೀಗೆ ಪೇರಿಸಿ, ಬಾಯಿ ಮುಚ್ಚಿ, 600ರಿಂದ 800 ಡಿಗ್ರಿಯಲ್ಲಿ ದೀರ್ಘಕಾಲ ಕಾಯಿಸುವುದು. ಉಪ್ಪಿನಿಂದ ಹೊರಟ ಆವಿ ಬೆಳ್ಳಿಯನ್ನಷ್ಟೇ ಹಿಡಿಯುತ್ತದೆ. ಅದು ಸಿಲ್ವರ್ ಕ್ಲೋರೈಡ್ ಆಗಿ ಪಾತ್ರೆಯ ಗೋಡೆಗೆ ಇಂಗುತ್ತದೆ, ಚಿನ್ನ ಉಳಿಯುತ್ತದೆ. ಕೆಡುವುದು ಎರಡು ಕಡೆ. ತಗಡು ದಪ್ಪವಾದರೆ ಒಳಗಿನ ಬೆಳ್ಳಿ ಬಿಡುವುದಿಲ್ಲ. ಬೆಂಕಿ ಜೋರಾಗಿ ಚಿನ್ನ ಕರಗಿದರೆ ಉಂಡೆಗಟ್ಟುತ್ತದೆ, ಆವಿ ಒಳಗೆ ಹೋಗುವುದೇ ಇಲ್ಲ.

ಶಿರಸಿ_ಅರ್ಥಧಾರಿ:
ಉಪ್ಪು ಎಂದರೆ ನಮ್ಮ ಸಾಣಿಕಟ್ಟಾದಲ್ಲಿ ತೆಗೆಯುವ ಉಪ್ಪೇ? ಹಾಗಾದರೆ ಬೆಳ್ಳಿ ಹಾಳಾಗುತ್ತಿತ್ತೇ?

ಕಾರವಾರ_ಒರೆಗಲ್ಲು:
ಹೌದು, ಅಡುಗೆಗೆ ಹಾಕುವ ಅದೇ ಉಪ್ಪು. ಬೆಳ್ಳಿಯೂ ಹಾಳಾಗುತ್ತಿರಲಿಲ್ಲ. ಪಾತ್ರೆಯ ಚೂರುಗಳನ್ನು ಸೀಸದ ಜತೆ ಕರಗಿಸಿ, ಮೇಲೆ ಗಾಳಿ ಊದಿದರೆ ಸೀಸ ಬೂದಿಯಾಗಿ ಬೇರೆಯಾಗಿ, ಬೆಳ್ಳಿಯ ಗುಂಡು ಉಳಿಯುತ್ತದೆ. (ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ಉಪ್ಪಿನ ಆವಿ, ಸೀಸದ ಹೊಗೆ ಎರಡೂ ವಿಷ.) ಹೀಗೆ ಒಂದೇ ಲೋಹದಿಂದ ಅಪ್ಪಟ ಚಿನ್ನದ ನಾಣ್ಯ, ಅಪ್ಪಟ ಬೆಳ್ಳಿಯ ನಾಣ್ಯ ಎರಡೂ ಬಂದವು. ಮುಂದೆ ಎದುರುಬದುರು ಸಿಂಹ ಮತ್ತು ಗೂಳಿ, ಹಿಂದೆ ಉಳಿಯೇಟಿನ ಎರಡು ಚೌಕ ಗುಂಡಿ. ಹಗುರ ತೂಕದ ಚಿನ್ನದ ನಾಣ್ಯ 8.1 ಗ್ರಾಂ, ಹೆಚ್ಚು ಕಡಿಮೆ ನಮ್ಮ ಒಂದು ಪವನ್. ಸಭೆಗೆ ಹಾಗೇ ಹೇಳಿ, ಕೂಡಲೇ ಅಂದಾಜು ಸಿಗುತ್ತದೆ.

ಡೆಲ್ಫಿಗೆ ಅವನು ಕಳಿಸಿದ ಕಾಣಿಕೆಯ ಲೆಕ್ಕವನ್ನೂ ಇದರ ಜತೆ ಇಟ್ಟು ನೋಡಿ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ 117 ಇಟ್ಟಿಗೆ. ಅವುಗಳಲ್ಲಿ ನಾಲ್ಕೇ ಶುದ್ಧ ಚಿನ್ನ, ತಲಾ ಎರಡೂವರೆ ಟ್ಯಾಲೆಂಟ್ (ಒಂದು ಟ್ಯಾಲೆಂಟ್ ಸುಮಾರು 26 ಕಿಲೋ). ಉಳಿದ 113 ಬಿಳಿ ಚಿನ್ನ, ಅಂದರೆ ಬೆಳ್ಳಿ ಬೆರೆತದ್ದು, ತಲಾ ಎರಡು. ಅವುಗಳ ಮೇಲೆ ಅಪ್ಪಟ ಚಿನ್ನದ ಸಿಂಹ, 10 ಟ್ಯಾಲೆಂಟ್, ಸುಮಾರು 260 ಕಿಲೋ. ಗುಡಿಗೆ ಬೆಂಕಿ ಬಿದ್ದಾಗ ಅದರಲ್ಲಿ ಮೂರೂವರೆ ಟ್ಯಾಲೆಂಟ್ ಕರಗಿಹೋಯಿತು.

ಹೊನ್ನಾವರ_ಕಡೆಯವ:
ಕೊನೆಯ ಪ್ರಶ್ನೆಗೆ ನಾನು ಬರೆಯುತ್ತೇನೆ. ಗಡಿಯ ಹಾಲಿಸ್ ನದಿ ದಾಟಿ ಪರ್ಷಿಯಾದ ಮೇಲೆ ಹೋದರೆ ದೊಡ್ಡ ಸಾಮ್ರಾಜ್ಯ ನಾಶವಾಗುತ್ತದೆ ಎಂದಿತ್ತು ದೇವವಾಣಿ. ಯಾರದ್ದು ಎಂದು ಅವನು ಕೇಳಲಿಲ್ಲ. ಪರ್ಷಿಯಾದ ರಾಜ ಸೈರಸ್ ಜತೆ ಪ್ಟೇರಿಯಾದಲ್ಲಿ ನಡೆದ ಯುದ್ಧದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಚಳಿಗಾಲ ಬಂತೆಂದು ಊರಿಗೆ ಮರಳಿ ಕೂಲಿ ಸೈನ್ಯವನ್ನು ಕಳಿಸಿಬಿಟ್ಟ. ದೊಡ್ಡ ತಪ್ಪು ಇದು, ಸೈರಸ್ ಬೆನ್ನಲ್ಲೇ ಬಂದ. ಸಾಮಾನು ಹೊರುವ ಒಂಟೆಗಳನ್ನೇ ಮುಂದೆ ನಿಲ್ಲಿಸಿದ. ಅವುಗಳ ವಾಸನೆಗೆ ಲಿಡಿಯಾದ ಕುದುರೆಗಳು ಬೆದರಿ ತಿರುಗಿದವು. ಮುತ್ತಿಗೆಯ 14ನೇ ದಿನ ಕೋಟೆ ಬಿತ್ತು: ಕಾವಲಿನವನೊಬ್ಬನ ಶಿರಸ್ತ್ರಾಣ ಕೆಳಗುರುಳಿತು, ಅವನು ಕಡಿದಾದ ಬಂಡೆಯಿಳಿದು ಅದನ್ನು ಎತ್ತಿಕೊಂಡು ಹೋದದ್ದನ್ನು ಶತ್ರು ಸೈನಿಕನೊಬ್ಬ ನೋಡಿದ. ಮರುದಿನ ಅದೇ ದಾರಿಯಲ್ಲಿ ಹತ್ತಿದರು.

ಚಿತೆಗೆ ಎರಡು ಪಾಠಗಳಿವೆ. ಹೆರೊಡೋಟಸ್ ಪ್ರಕಾರ ಸೈರಸ್ ಅವನನ್ನು 14 ಹುಡುಗರ ಜತೆ ಚಿತೆಗೇರಿಸಿದ, "ಸೋಲೋನ್" ಎಂದು ಮೂರು ಸಲ ಕೂಗಿದ್ದು ಕೇಳಿ ಮನಸ್ಸು ಬದಲಿಸಿದ, ಬೆಂಕಿ ಆರಿಸಲು ಆಗದಿದ್ದಾಗ ಅಪೋಲೋ ದೇವ ಮಳೆ ಸುರಿಸಿದ. ಅದಕ್ಕೂ ಹಿಂದೆ, ಕ್ರಿ.ಪೂ. 468ರ ಬಾಖಿಲಿಡೀಸನ ಪದ್ಯದಲ್ಲಿ, ಸೆರೆಯಾಗಲು ಒಪ್ಪದೆ ರಾಜ ತಾನೇ ಚಿತೆ ಕಟ್ಟಿಸಿ ಏರುತ್ತಾನೆ. ಪ್ಯಾರಿಸ್‌ನ ಲೂವ್ರ್‌ನಲ್ಲಿರುವ, ಇನ್ನೂ ಹಳೆಯ ಹೂಜಿಯ ಮೇಲಿನ ಚಿತ್ರವೂ ಹೀಗೇ: ರಾಜ ಸಿಂಹಾಸನದಲ್ಲಿ ಕೂತು ನೈವೇದ್ಯ ಎರೆಯುತ್ತಿದ್ದಾನೆ, ಸೇವಕ ಕಟ್ಟಿಗೆಗೆ ಬೆಂಕಿ ಹಚ್ಚುತ್ತಿದ್ದಾನೆ. ಬ್ಯಾಬಿಲೋನಿನ ಕಾಲಾನುಕ್ರಮಣಿಕೆಯಲ್ಲಿ ಕ್ರಿ.ಪೂ. 547ರಲ್ಲಿ ಸೈರಸ್ ಗೆದ್ದ ನಾಡಿನ ಹೆಸರು ಇರುವ ಜಾಗವೇ ಒಡೆದಿದೆ, ಅದು ಲಿಡಿಯಾವೇ ಎಂದು ನೆಚ್ಚಿ ವಾದ ಕಟ್ಟಬೇಡಿ. ಸೋಲೋನ್ ಪಾತ್ರ ಇಟ್ಟುಕೊಂಡಿದ್ದೀರಿ ಎಂದರೆ ಹೆರೊಡೋಟಸ್ ಪಾಠವೇ ಸರಿ, ಇಲ್ಲದಿದ್ದರೆ ಆ ಮೂರು ಕೂಗಿಗೆ ಜಾಗವಿಲ್ಲ.

ಕುಮಟಾ_ಓದುಗ:
ಒಂದು ಮಾತು ಉಳಿಯಿತು. ಗ್ರೀಕ್ ಉಚ್ಚಾರ ಕ್ರೋಯ್ಸೋಸ್, ಪದ್ಯದ ಛಂದಸ್ಸಿಗೆ ಅದು ಕೂರುವುದು ಕಷ್ಟ. ಭಾಗವತರಿಗೆ "ಕ್ರೀಸ ಭೂಪ" ಎಂದು ಬರೆದುಕೊಡಿ.